ಬೆಂದ ಮುತ್ತು

ಮೇ 24, ಶುಕ್ರವಾರ

ನವನೀತ್ ಇವತ್ತು ಅರಾದ್‌ನ ಹೊಸ ಮನೆಯಲ್ಲಿ ಹಾಲು ಉಕ್ಕಿಸಿದ. ಅವನ ಬಾಲ್ಕನಿಯಿಂದ ಸಮುದ್ರ ಕಾಣುತ್ತದೆ. ಹೂರಾದ ನಮ್ಮ ಬಾಲ್ಕನಿಯಿಂದ ಎದುರು ಕಟ್ಟಡದ ಎಸಿಗಳು ಕಾಣುತ್ತವೆ. ಅದರಲ್ಲಿ ಅರ್ಧಕ್ಕರ್ಧ ನಾನೇ ರಿಪೇರಿ ಮಾಡಿದವು.

ಈ ಷಡ್ಡಕ ಎನ್ನುವ ಸಂಬಂಧವನ್ನು ಯಾರು ಕಂಡುಹಿಡಿದರೋ ಗೊತ್ತಿಲ್ಲ. ಹೆಂಡತಿಯ ತಂಗಿಯ ಗಂಡ, ಅಷ್ಟೇ. ನಾನು ಅವನನ್ನು ಹುಡುಕಿಕೊಂಡು ಹೋಗಿರಲಿಲ್ಲ. ಇಪ್ಪತ್ತು ವರ್ಷದಿಂದ ನಮ್ಮ ಊರಿನವರಿಗೆ ಬಹ್ರೇನ್ ಎಂದರೆ ಲತೇಶಣ್ಣ, ಅಂದರೆ ನಾನು. ವೀಸಾ ವಿಚಾರಿಸಲು ಲತೇಶಣ್ಣ, ವಿಮಾನ ನಿಲ್ದಾಣಕ್ಕೆ ಲತೇಶಣ್ಣ, ಹೊಸಬರಿಗೆ ರೂಮು ಹುಡುಕಲು ಲತೇಶಣ್ಣ. ಇವನು ಫೆಬ್ರವರಿಯಲ್ಲಿ ಬ್ಯಾಂಕಿನ ಕೆಲಸಕ್ಕೆ ಬಂದಿಳಿದ. ಮೂರು ತಿಂಗಳಲ್ಲಿ ಎಲ್ಲರ ಬಾಯಲ್ಲೂ ನವನೀತ್, ನವನೀತ್.

ಊಟ ಆದ ಮೇಲೆ ಎಲ್ಲರೂ ಬಾಲ್ಕನಿಯಲ್ಲಿ ನಿಂತಿದ್ದೆವು. ಅವನ ಹೆಂಡತಿ ವಿನಿತಾ ತನ್ನ ಅಕ್ಕ, ಅಂದರೆ ನನ್ನ ಹೆಂಡತಿ ಕುಸುಮಾಳ ಹೆಗಲ ಮೇಲೆ ಕೈ ಹಾಕಿ ಹೇಳಿದಳು: “ಅಕ್ಕಾ, ಲೆಕ್ಕದಲ್ಲಿ ಈ ಬಾಲ್ಕನಿ ನಿಂದಾಗ್ಬೇಕಿತ್ತು ನೋಡು!”

ಎಲ್ಲರೂ ನಕ್ಕರು. ವಿಷಯ ಎಲ್ಲರಿಗೂ ಗೊತ್ತಿರುವುದೇ. ನವನೀತ್ ಮೊದಲು ಹೆಣ್ಣು ನೋಡಲು ಬಂದದ್ದು ಕುಸುಮಾಳನ್ನು. ಮಾವ ಮುಂಡಪ್ಪಣ್ಣ ಜಾತಕ ಕೂಡಲಿಲ್ಲ ಎಂದರು. ಆಮೇಲೆ ನಾನು ಬಂದೆ, ನನ್ನದು ಕೂಡಿತು. ನಾಲ್ಕು ವರ್ಷ ಬಿಟ್ಟು ನವನೀತನ ಮನೆಯವರೇ ತಂಗಿಯನ್ನು ಕೇಳಿಕೊಂಡು ಬಂದರು. ಹಳೆಯ ತಮಾಷೆ. ನಾನೂ ನಕ್ಕೆ.

ಆದರೆ ಕುಸುಮಾ ಕೂಡ ನಕ್ಕಳು. ನಕ್ಕು ಸಮುದ್ರ ನೋಡಿದಳು. ಆ ನಗು ಎಂಥದ್ದು ಎನ್ನುವುದು ನನಗೆ ಗೊತ್ತಾಗಬೇಕು. ಬೇರೇನೂ ಬೇಡ, ಅದೊಂದು ಗೊತ್ತಾದರೆ ಸಾಕು.

ಮೇ 31, ಶುಕ್ರವಾರ

ನವನೀತ್ ಮನೆಗೆ ಬಂದಿದ್ದ, ಕೈಯಲ್ಲಿ ಹಣ್ಣಿನ ಬುಟ್ಟಿ. ಬಕ್ರೀದ್ ರಜೆಯಲ್ಲಿ ಮುತ್ತು ತೆಗೆಯಲು ಹೋಗೋಣ ಎಂದು ಶುರು ಮಾಡಿದ.

“ಭಾವ, ನಿಮ್ಗೆ ಗೊತ್ತುಂಟಲ್ಲ, ಇಲ್ಲಿ ನಮ್ಮಂಥವರಿಗೂ ಪರ್ಮಿಟ್ ಕೊಡ್ತಾರೆ. ಬೋಟಿನಲ್ಲಿ ಕರ್ಕೊಂಡು ಹೋಗ್ತಾರೆ. ನಾವೇ ಮುಳುಗಿ ಚಿಪ್ಪು ತೆಗೆಯುವುದು. ಮುತ್ತು ಸಿಕ್ಕಿದ್ರೆ ನಮ್ದೇ!”

ಇಷ್ಟು ವರ್ಷ ಇಲ್ಲಿದ್ದು ನನಗೆ ಇದು ಗೊತ್ತೇ ಇರಲಿಲ್ಲ. “ಗೊತ್ತುಂಟು, ಗೊತ್ತುಂಟು,” ಎಂದೆ.

ಮಗಳು ನವ್ಯಶ್ರೀ ಫೋನಿನಿಂದ ತಲೆ ಎತ್ತಿದಳು. “ಪಪ್ಪಾ, ಕ್ಯಾನ್ ಯು ಈವನ್ ಸ್ವಿಮ್?”

“ಕಡಲ ಕರೆಯಲ್ಲಿ ಹುಟ್ಟಿದವನತ್ರ ಕೇಳುವ ಪ್ರಶ್ನೆಯಾ ಇದು? ನನ್ನಪ್ಪನಿಗೆ ಸ್ವಂತ ದೋಣಿ ಇತ್ತು.”

ದೋಣಿ ಇತ್ತು ಎನ್ನುವುದು ನಿಜ. ಅದು ಅಳಿವೆ ದಾಟುವ ಮೊದಲೇ ನಾನು ವಾಂತಿ ಮಾಡುತ್ತಿದ್ದೆ ಎನ್ನುವುದೂ ನಿಜ. ಅದಕ್ಕೇ ಅಪ್ಪ ನನ್ನನ್ನು ಐಟಿಐಗೆ ಹಾಕಿ ಮಂಜುಗಡ್ಡೆಯ ಫ್ಯಾಕ್ಟರಿಗೆ ಸೇರಿಸಿದ್ದು. ಕುಸುಮಾಳಿಗೆ ಎಲ್ಲ ಗೊತ್ತು. ಅವಳು ತುಟಿ ಕಚ್ಚಿಕೊಂಡು ಚಹಾ ತರಲು ಎದ್ದಳು. ಚಹಾ ಕೊಡುತ್ತಾ, ನನಗಲ್ಲ, ಅವನಿಗೆ ಹೇಳಿದಳು: “ನಂಗೆ ಸಣ್ಣದಿರುವಾಗಿಂದ ಒಂದು ಮುತ್ತಿನುಂಗುರದ ಆಸೆ. ಎಂತ ಮಾಡುದು, ಆಗ್ಲೇ ಇಲ್ಲ.”

ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಹತ್ತಿರ ಒಂದು ದಿನವೂ ಇದನ್ನು ಹೇಳಿದವಳಲ್ಲ. ಅವನು ಒಂದು ಬುಟ್ಟಿ ಹಣ್ಣು ತಂದಿಟ್ಟದ್ದೇ ತಡ, ಮನಸ್ಸಿನ ಬಾಗಿಲು ತೆರೆಯಿತು.

ಆ ಮುತ್ತನ್ನು ನಾನೇ ತೆಗೆಯುತ್ತೇನೆ. ಅವನು ತೆಗೆದು ಇವಳ ಕೈಗೆ ಕೊಡುವುದನ್ನು ನಾನು ನೋಡಲಾರೆ.

ಜೂನ್ 7, ಶುಕ್ರವಾರ

ಬಕೆಟಿನಲ್ಲಿ ಮುಖ ಮುಳುಗಿಸಿ ಉಸಿರು ಹಿಡಿಯುವ ಅಭ್ಯಾಸ ನಡೆದಿದೆ. ಕುಸುಮಾ ಬಾತ್‌ರೂಮಿನ ಬಾಗಿಲು ಬಡಿದು, “ಒಳಗೆ ಎಂತ ಗುಳುಗುಳು?” ಎಂದು ಕೇಳಿದಳು. ಪೈಪು ನೋಡುತ್ತಿದ್ದೇನೆ ಎಂದೆ.

ನವನೀತ್ ಅವರ ಕಟ್ಟಡದ ಈಜುಕೊಳದಲ್ಲಿ ದಿನಾ ಈಜುತ್ತಾನಂತೆ. ವಿನಿತಾ ವಿಡಿಯೊ ಕಳಿಸಿದ್ದಾಳೆ. ಹೊಟ್ಟೆ ಸ್ವಲ್ಪವೂ ಇಲ್ಲ.

ಜೂನ್ 17, ಸೋಮವಾರ

ಮೈಕೈಯೆಲ್ಲ ನೋವು. ಆದರೂ ಇವತ್ತೇ ಬರೆಯಬೇಕು.

ಬೆಳಿಗ್ಗೆ ಮುಹರಕ್ ಕಡೆಯಿಂದ ಬೋಟು ಹೊರಟಿತು. ಕರೆದುಕೊಂಡು ಹೋದವನ ಹೆಸರು ವೇಯ್ನ್, ನಮ್ಮ ಮಂಗಳೂರಿನವನೇ. ನಾನು ಅವನ ಹತ್ತಿರ ತುಳುವಿನಲ್ಲಿ ನಾಲ್ಕು ಮಾತಾಡಿ, ಅಪ್ಪನ ದೋಣಿಯ ವಿಷಯವನ್ನೂ ತೆಗೆದೆ. ಅದನ್ನು ಕೇಳಿ ಅವನು ನನಗೆ ಲೈಫ್ ಜಾಕೆಟ್ ಕಟ್ಟಲು ಸಹಾಯವನ್ನೇ ಮಾಡಲಿಲ್ಲ. ಎಲ್ಲಾ ಬಲ್ಲವರು ಎಂದುಕೊಂಡ. ದಡ ಕಣ್ಣಿಗೆ ಕಾಣುತ್ತಿರುವಾಗಲೇ ನನ್ನ ಹೊಟ್ಟೆ ತಿರುಗಲು ಶುರುವಾಯಿತು. ಕುಸುಮಾ ಯಾರಿಗೂ ಕಾಣದ ಹಾಗೆ ನನ್ನ ಕೈಗೆ ಲಿಂಬೆಹಣ್ಣು ತುರುಕಿದಳು. ಅದನ್ನು ಮೂಸುತ್ತಾ, ಅಲೆ ನೋಡುವವನ ಹಾಗೆ ಅತ್ತ ತಿರುಗಿ ಕೂತೆ.

ಕೆಲಸ ಕೇಳಲು ಸುಲಭ. ಬೋಟಿನಿಂದ ಹಗ್ಗ ಇಳಿಬಿಡುತ್ತಾರೆ, ತುದಿಯಲ್ಲಿ ಕಲ್ಲು. ಹಗ್ಗ ಹಿಡಿದು ಕೆಳಗೆ ಹೋಗಬೇಕು. ನಡುನಡುವೆ ಮೂಗು ಮುಚ್ಚಿ ಗಾಳಿ ದೂಡಿ ಕಿವಿ ಬಿಡಿಸಿಕೊಳ್ಳಬೇಕು. ಕೆಳಗೆ ಸಿಕ್ಕಿದ ಚಿಪ್ಪನ್ನು ಕೊರಳಿಗೆ ಹಾಕಿದ ಬಲೆಚೀಲಕ್ಕೆ ತುಂಬಬೇಕು. “ಅವಸರ ಮಾಡ್ಬೇಡಿ, ಕಿವಿ ನೋವಾದ್ರೆ ಮೇಲೆ ಬನ್ನಿ,” ಎಂದು ವೇಯ್ನ್ ಎರಡೆರಡು ಸಲ ಹೇಳಿದ.

ನವನೀತ್ ಹಾರಿದ. ಹಗ್ಗವೂ ಬೇಡ ಅವನಿಗೆ. ಒಂದು ಸಲ ಹೋಗಿ ಚೀಲ ತುಂಬಿಸಿ ಬಂದ, ಮತ್ತೆ ಹೋದ, ಮತ್ತೆ ಬಂದ. ವಿನಿತಾ ಬೋಟಿನ ಆ ತುದಿಯಿಂದ ಈ ತುದಿಗೆ ಓಡಾಡುತ್ತಾ ವಿಡಿಯೊ ತೆಗೆಯುತ್ತಿದ್ದಳು. “ರೀ, ಸ್ವಲ್ಪ ಈ ಕಡೆ ಏಳಿ, ಬೆಳಕು ಇಲ್ಲಿ ಉಂಟು!” ಅವನು ಒಂದು ದೊಡ್ಡ ಮಾತೂ ಆಡಲಿಲ್ಲ. ಅದೇ ಸಹಿಸಲು ಕಷ್ಟ. ಜಂಬ ಕೊಚ್ಚಿದ್ದರೆ ಬೈದುಕೊಳ್ಳಲಾದರೂ ಆಗುತ್ತಿತ್ತು.

ನಾನು ಇಳಿದೆ. ಮೊದಲ ಸಲ ತಲೆ ಮುಳುಗಿದ್ದೇ ಹಗ್ಗ ಬಿಟ್ಟು ಮೇಲೆ ಬಂದೆ. ಎರಡನೇ ಸಲ ಸ್ವಲ್ಪ ಕೆಳಗೆ ಹೋಗಿ ಉಪ್ಪುನೀರು ಕುಡಿದೆ. ನವ್ಯಶ್ರೀ, “ಪಪ್ಪಾ, ಇಟ್ಸ್ ಓಕೆ, ಕಮ್ ಅಪ್,” ಎಂದಳು. ಆ ದನಿಯಲ್ಲಿ ಕನಿಕರ ಇತ್ತು. ಮಗಳ ಕನಿಕರ ನನಗೆ ಬೇಡ.

ಮೂರನೇ ಸಲ ಕಣ್ಣುಮುಚ್ಚಿ ಹಗ್ಗ ಹಿಡಿದು ಇಳಿದೆ. ಕಾಲಿಗೆ ಮರಳು ತಾಗಿತು. ಕೈಯಾಡಿಸಿದೆ. ಮರಳಿನಲ್ಲಿ ಚಿಪ್ಪು ಸಿಕ್ಕಿದಾಗ ಹೆದರಿಕೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಚಿಕ್ಕವನಿದ್ದಾಗ ಇಳಿತದ ಹೊತ್ತಿಗೆ ಹೊಳೆಯಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತು ಅಡುಗೆಗೆ ಮರುವಾಯಿ ಚಿಪ್ಪು ಹೆಕ್ಕುತ್ತಿದ್ದೆವು. ಕೈಗೆ ಅದೇ ನೆನಪು. ಒಂದು ಹಿಡಿ ಬಾಚಿದೆ, ಇನ್ನೊಂದು ಹಿಡಿ ಬಾಚಿದೆ, ಎದೆ ಒಡೆದುಹೋಗುತ್ತದೆ ಎನ್ನಿಸಿದಾಗ ಮೇಲೆ ಬಂದೆ. ಬೋಟಿಗೆ ನನ್ನನ್ನು ಎಳೆದುಹಾಕಬೇಕಾಯಿತು.

ಕುಸುಮಾ ಟವೆಲು ತಂದು ಎಲ್ಲರ ಎದುರಿಗೆ ನನ್ನ ತಲೆ ಗಸಗಸ ತಿಕ್ಕಿದಳು. “ಸಾಯ್ಲಿಕ್ಕೆ ಬಂದದ್ದಾ ಇಲ್ಲಿ? ಮುತ್ತು ಯಾರಿಗೆ ಬೇಕಿತ್ತು ಮಾರಾಯ್ರೆ? ನಿಮ್ಗೆ ಎಂತಾದ್ರು ಆದ್ರೆ ನಾನೆಂತ ಮಾಡ್ಲಿ?” ಮಗುವಿನ ತಲೆ ಒರೆಸಿದ ಹಾಗೆ ಒರೆಸಿದಳು. ಬೈದಳು, ಮತ್ತೆ ಒರೆಸಿದಳು. ನವನೀತ್ ನೀರಿನಲ್ಲಿ ಬೋಟಿನ ಅಂಚು ಹಿಡಿದುಕೊಂಡು ನಮ್ಮನ್ನೇ ನೋಡುತ್ತಿದ್ದ. ಒಳಗೊಳಗೇ ನಗುತ್ತಿದ್ದಿರಬೇಕು. ಆಮೇಲೆ ಮತ್ತೊಂದು ಸಲ ಮುಳುಗಿದ, ಈ ಸಲ ತುಂಬಾ ಹೊತ್ತು. ಯಾರಿಗೆ ತೋರಿಸಲಿಕ್ಕೋ.

ಮಧ್ಯಾಹ್ನ ಚಿಪ್ಪು ತೆರೆಯಲು ಕೂತೆವು. ವೇಯ್ನ್ ಎಲ್ಲರಿಗೂ ಸಣ್ಣ ಚೂರಿ ಕೊಟ್ಟ. ಒಂದೊಂದೇ ತೆರೆದರೆ ಎಲ್ಲ ಖಾಲಿ. ನೂರು ತೆರೆದರೂ ಸಿಗದೆ ಹೋದವರಿದ್ದಾರೆ ಎಂದು ವೇಯ್ನ್ ಮೊದಲೇ ಸಮಾಧಾನ ಹೇಳಿದ್ದ. ನನಗೂ ಸಮಾಧಾನವಾಗಿತ್ತು, ಯಾರಿಗೂ ಸಿಗದಿದ್ದರೆ ತೊಂದರೆ ಇಲ್ಲ. ಅಷ್ಟರಲ್ಲಿ ನವನೀತನ ಚಿಪ್ಪಿನಲ್ಲಿ ಮಿಣುಕ್ ಎಂದಿತು. ಸಾಸಿವೆಗಿಂತ ತುಸು ದೊಡ್ಡದು. ಬೋಟಿನವರೆಲ್ಲ ಚಪ್ಪಾಳೆ ತಟ್ಟಿದರು. ಕುಸುಮಾ ಅದನ್ನು ಅಂಗೈಯಲ್ಲಿಟ್ಟು ಬಿಸಿಲಿಗೆ ಹಿಡಿದಳು. “ಅಬ್ಬ, ಎಷ್ಟು ಚಂದ,” ಎಂದಳು. ತುಂಬಾ ಹೊತ್ತು ನೋಡಿದಳು. ನನ್ನ ಮೈಯೆಲ್ಲ ಉರಿಯಿತು.

ನಾನು ಚೂರಿ ಕೆಳಗಿಟ್ಟೆ. “ನನ್ನದು ಇಲ್ಲಿ ಬೇಡ. ಮನೆಗೆ ತಕೊಂಡು ಹೋಗ್ತೇನೆ,” ಎಂದೆ. ಅವನ ಎದುರು ಒಂದೊಂದೇ ಖಾಲಿ ಚಿಪ್ಪು ತೆರೆದು ಹಲ್ಲು ಕಿರಿಯಲು ನಾನು ತಯಾರಿಲ್ಲ. ಚೀಲ ಈಗ ನಮ್ಮ ಫ್ರೀಜರಿನಲ್ಲಿದೆ, ಬಟಾಣಿಯ ಪ್ಯಾಕೆಟಿನ ಹಿಂದೆ. ಒಬ್ಬನೇ ಇರುವಾಗ ತೆರೆಯುತ್ತೇನೆ.

ಜೂನ್ 18, ಮಂಗಳವಾರ

ನವನೀತನ ಕಿವಿ ಹೋಗಿದೆ. ಪೂರ್ತಿ ಹೋಗಿಲ್ಲ, ಕೊನೆಯ ಸಲ ಅವಸರದಲ್ಲಿ ಮುಳುಗಿದಾಗ ಎಡಗಿವಿಯ ತಮಟೆಗೆ ಪೆಟ್ಟಾಗಿದೆ. ತಲೆ ಸುತ್ತುತ್ತದೆ. ಕಾರು ಓಡಿಸಬಾರದು, ಒಬ್ಬನೇ ಇರಬಾರದು ಎಂದಿದ್ದಾರೆ ಡಾಕ್ಟರು. ವಿನಿತಾ ನರ್ಸು, ಈ ವಾರ ಅವಳಿಗೆ ನೈಟ್ ಡ್ಯೂಟಿ.

“ಇಲ್ಲಿಗೇ ಬರ್ಲಿ,” ಎಂದಳು ಕುಸುಮಾ. ನನ್ನನ್ನು ಕೇಳಲಿಲ್ಲ.

ನನ್ನ ಪಿಕಪ್ಪಿನಲ್ಲಿ ಕರೆದುಕೊಂಡು ಬಂದೆ. ಸಣ್ಣ ಗುಂಡಿಗೂ ತಲೆ ಹಿಡಿದುಕೊಳ್ಳುತ್ತಾನೆ. ಸೇತುವೆಯ ಮೇಲೆ ಆಮೆಯ ಹಾಗೆ ಬಂದೆ. ಹಿಂದಿನವರೆಲ್ಲ ಹಾರ್ನ್ ಹೊಡೆದು ಹೊಡೆದು ನನ್ನ ಮರ್ಯಾದೆ ತೆಗೆದರು.

ಜೂನ್ 19, ಬುಧವಾರ

ನಮ್ಮ ಸೋಫಾದಲ್ಲಿ ಮಲಗಿದ್ದಾನೆ. ನಾನು ಕೂರುವ ಮೂಲೆಯಲ್ಲೇ ಅವನ ತಲೆ.

ಕುಸುಮಾ ಶುಂಠಿ ಕಷಾಯ ಮಾಡಿಕೊಡುತ್ತಾಳೆ. ಒಂದು ಕಿವಿ ಕೇಳದವನ ಹತ್ತಿರ, ಕೇಳುವ ಕಿವಿಯ ಬಳಿ ಬಾಗಿ ಮಾತಾಡಬೇಕಾಗುತ್ತದೆ. ನನಗೆ ಗೊತ್ತು. ಬೇರೆ ದಾರಿ ಇಲ್ಲ. ಆದರೂ.

ಎಸಿಯ ಗಾಳಿ ನೇರ ಅವನ ಕಿವಿಗೆ ಬಡಿಯುತ್ತಿತ್ತು. ಕೆಲಸದಿಂದ ಬಂದವನು ಏಣಿ ಹಾಕಿ ಗಾಳಿಯ ದಿಕ್ಕು ತಿರುಗಿಸಿದೆ. ಈಗ ಅದು ನನ್ನ ಕುರ್ಚಿಗೆ ಬರುವುದಿಲ್ಲ. ಬೆವರುತ್ತಾ ಊಟ ಮಾಡಿದೆ. ನನ್ನ ಮನೆ, ನನ್ನ ಎಸಿ.

ಜೂನ್ 20, ಗುರುವಾರ

ಇನ್ನೂ ಹೋಗಿಲ್ಲ. ಟಿವಿಯ ಸದ್ದಿಗೆ ಅವನಿಗೆ ತಲೆನೋವು ಬರುತ್ತದೆಂದು ಕ್ರಿಕೆಟನ್ನು ಮೂಕಚಿತ್ರದ ಹಾಗೆ ನೋಡಿದೆ. ಫ್ರೀಜರಿನ ಹತ್ತಿರ ಹೋಗಲೂ ಆಗುತ್ತಿಲ್ಲ, ಎಲ್ಲರೂ ಮನೆಯಲ್ಲೇ.

ಜೂನ್ 21, ಶುಕ್ರವಾರ

ದೇವರಿದ್ದಾನೆ!

ಮೊದಲಿನಿಂದ ಬರೆಯುತ್ತೇನೆ. ಬೆಳಿಗ್ಗೆ ಮನಾಮಾದ ಕೃಷ್ಣನ ಗುಡಿಗೆ ಹೋಗಿ ಬಂದೆ. ಮೆಟ್ಟಿಲು ಹತ್ತುವಾಗಲೇ ಮೂಗಿಗೆ ಬಡಿಯಿತು, ಹುರಿದ ಕೊತ್ತಂಬರಿ, ತೆಂಗಿನಕಾಯಿ, ಹುಣಸೆಹುಳಿ. ಮರುವಾಯಿಯ ಒಣಪಲ್ಯ, ನಮ್ಮ ಸುಕ್ಕದ ವಾಸನೆ. ಬಹ್ರೇನಿನಲ್ಲಿ ಮರುವಾಯಿ ಎಲ್ಲಿಂದ ಬಂತು ಎಂದು ಯೋಚಿಸಿದವನಿಗೆ ಥಟ್ಟನೆ ಹೊಳೆಯಿತು. ಓಡಿ ಹೋಗಿ ಫ್ರೀಜರ್ ತೆರೆದೆ. ಬಟಾಣಿ ಇತ್ತು, ಚೀಲ ಇರಲಿಲ್ಲ. ಕಸದ ಬುಟ್ಟಿಯಲ್ಲಿ ಬಾಯಿಬಿಟ್ಟ ಚಿಪ್ಪುಗಳು.

“ಕುಸುಮಾ, ನನ್ನ ಚಿಪ್ಪು!”

“ಬೇಯಿಸಿದೆ,” ಎಂದಳು. “ಬಿಸಿನೀರಿಗೆ ಹಾಕಿದ್ದೇ ಪಟಪಟ ಬಾಯಿ ಬಿಟ್ಟವು. ಸ್ವಲ್ಪ ಗಟ್ಟಿ ಉಂಟು, ನಮ್ಮ ಮರುವಾಯಿಯ ಹಾಗೆ ಅಲ್ಲ.”

“ಅದು ತಿನ್ಲಿಕ್ಕೆ ತಂದದ್ದಲ್ಲ!”

“ಚಿಪ್ಪು ತಂದು ಫ್ರಿಜ್ಜಲ್ಲಿ ಇಟ್ರೆ ಮತ್ತೆಂತ, ಪೂಜೆ ಮಾಡ್ಲಿಕ್ಕಾ? ಮುತ್ತು ನೋಡ್ಲಿಕ್ಕಿದ್ರೆ ಬೋಟಲ್ಲೇ ನೋಡ್ತಿದ್ರಿ. ಇದು ಸುಕ್ಕಕ್ಕೆ ಅಂತ ಗ್ರಹಿಸಿದೆ ನಾನು.”

ನಮ್ಮ ಊರಿನ ಯಾವ ಹೆಂಗಸನ್ನು ಕೇಳಿದರೂ ಇದನ್ನೇ ಹೇಳಿಯಾಳು. ಬಾಯಿ ಮುಚ್ಚಿಕೊಂಡು ಊಟಕ್ಕೆ ಕೂತೆ. ನವನೀತ್ ಎದುರಿಗೆ ಕೂತಿದ್ದ. ನವ್ಯಶ್ರೀ ಈ ರಬ್ಬರ್ ತನಗೆ ಬೇಡ ಎಂದು ಮೊಟ್ಟೆ ತಿನ್ನುತ್ತಿದ್ದಳು. ನನ್ನ ಆಸೆಯನ್ನು ನಾನೇ ಅಗಿದು ನುಂಗುವ ಹಾಗಾಯಿತಲ್ಲ ಎಂದುಕೊಂಡೆ.

ನಡುವೆ ನವನೀತ್ ಅಗಿಯುವುದನ್ನು ನಿಲ್ಲಿಸಿ, ಗೋಡೆ ಕಡೆ ತಿರುಗಿ, ಬಾಯಿಗೆ ಕೈ ಅಡ್ಡ ಹಿಡಿದ. ಹಿಡಿಸಲಿಲ್ಲ ಎಂದುಕೊಂಡೆ. ಬ್ಯಾಂಕಿನವರ ನಾಲಿಗೆಗೆ ನಮ್ಮ ಅಡುಗೆ ಹತ್ತೀತೇ? ಆಮೇಲೆ ನೋಡಿದರೆ ಅವನೇ ಎದ್ದು, ಸುಕ್ಕದ ಪಾತ್ರೆ ಎಳೆದುಕೊಂಡು, ನನ್ನ ತಟ್ಟೆಗೆ ಬಡಿಸುತ್ತಿದ್ದಾನೆ. “ಭಾವ, ಇದು ನಿಮ್ಗೆ. ಸರಿ ನೋಡಿ ತಿನ್ನಿ.” ನನ್ನ ಮನೆಯಲ್ಲಿ ನನಗೆ ಬಡಿಸಲು ಇವನು ಯಾರು? ಸಿಟ್ಟು ನೆತ್ತಿಗೇರಿತು. ಅನ್ನ ಕಲಸಿದೆ. ಬೆರಳಿಗೆ ಏನೋ ಗಟ್ಟಿಯಾದದ್ದು ಸಿಕ್ಕಿತು. ಕಲ್ಲು ಎಂದು ಬೈಯುವವನಿದ್ದೆ.

ಮುತ್ತು! ನನ್ನ ಚಿಪ್ಪಿನ ಮುತ್ತು, ನನ್ನ ತಟ್ಟೆಯಲ್ಲಿ, ನನ್ನ ಬೆರಳ ನಡುವೆ! ಕೊತ್ತಂಬರಿ ಕಾಳಿನಷ್ಟಿದೆ. ಅವನದ್ದರ ಮೂರು ಪಟ್ಟು.

ನಾನು ಕಿರುಚಿದ್ದಕ್ಕೆ ಪಕ್ಕದ ಫ್ಲ್ಯಾಟಿನವರು ಬಾಗಿಲು ತೆರೆದು ನೋಡಿದರಂತೆ. ಕುಸುಮಾ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ನವನೀತ್ ಒಂದು ಕೈಯಿಂದ ಕೆನ್ನೆ ಹಿಡಿದುಕೊಂಡು ಇನ್ನೊಂದರಿಂದ ಮೇಜು ತಟ್ಟಿದ. “ಭಾವ ಗೆದ್ರು!” ಎಂದ. ಹೌದು, ಗೆದ್ದೆ.

ತೊಳೆದಾಗ ಸ್ವಲ್ಪ ಮಂಕಾಗಿ ಕಂಡಿತು. ಅರಿಸಿನದ ಬಣ್ಣ ಹಿಡಿದಿದೆ. ಪಾಲಿಶ್ ಮಾಡಿಸಿದರೆ ಹೋಗುತ್ತದೆ.

ಜೂನ್ 22, ಶನಿವಾರ

ನವನೀತನನ್ನು ಅರಾದ್‌ಗೆ ಬಿಟ್ಟು ಬಂದೆ. ತಲೆಸುತ್ತು ಕಡಿಮೆಯಾಗಿದೆ. ಅವನ ಫ್ಲ್ಯಾಟಿನ ಎಸಿ ಸದ್ದು ಮಾಡುತ್ತಿತ್ತು, ಬಿಚ್ಚಿ ಸರಿಮಾಡಿ ಬಂದೆ. ಇಷ್ಟು ದೊಡ್ಡ ಮನೆಗೆ ಅಷ್ಟು ಕೆಟ್ಟ ಮೆಷಿನ್.

ಸಂಜೆ ವಿನಿತಾಳ ಫೋನು. ಈಗ ಅವನ ದವಡೆಯ ಹಲ್ಲು ಮುರಿದಿದೆಯಂತೆ. ಮೊದಲು ಕಿವಿ, ಈಗ ಹಲ್ಲು. ಸತ್ಯ ಬರೆಯುತ್ತೇನೆ, ಒಳಗೊಳಗೇ ಖುಷಿಯಾಯಿತು. ಅವನಲ್ಲೂ ಏನಾದರೂ ಒಂದು ಹಾಳಾಗಬೇಡವೇ?

ಈಗ ನಮ್ಮ ಸೋಫಾ ಖಾಲಿ ಇದೆ. ಕೂತೆ. ಮನೆ ಯಾಕೋ ಬಿಕೋ ಎನ್ನುತ್ತದೆ.

ಜೂನ್ 25, ಮಂಗಳವಾರ

ಕೆಲಸದ ನಡುವೆ ಮನಾಮಾದ ಹಳೆಪೇಟೆ ಸೂಕಿಗೆ ಹೋದೆ. ಮುತ್ತಿನ ಅಂಗಡಿಯಲ್ಲಿ ಝುಲ್ಫಾ ಎಂಬ ಹೆಂಗಸು ಕೂತಿದ್ದಳು. ಇಲ್ಲಿಯವಳೇ, ಅಂಗಡಿ ಅವಳ ತಂದೆಯದು, ಹಿಂದಿ ನನಗಿಂತ ಚೆನ್ನಾಗಿ ಮಾತಾಡುತ್ತಾಳೆ. ಭೂತಗನ್ನಡಿ ಹಿಡಿದು ನೋಡಿದಳು. “ಅಸ್ಲೀ ಹೈ,” ಎಂದಳು. ನನ್ನ ಎದೆ ಉಬ್ಬಿತು. ಮತ್ತೆ ನೋಡಿದಳು. ಮೂಸಿದಳು. ಹುಬ್ಬು ಗಂಟಿಕ್ಕಿದಳು.

“ಭಾಯಿ, ಇಸ್ಕೋ ಪಕಾಯಾ ಕ್ಯಾ?”

ಬೇಯಿಸಿದ್ದು ಹೌದು ಎಂದೆ. ಹಲ್ದಿ ಹಾಕಿದ್ದೀರಾ ಎಂದು ಕೇಳಿದಳು. ಹಾಕಿದೆ ಎಂದೆ. ಇಮ್ಲಿ? ಹುಣಸೆಹುಳಿಯನ್ನೂ ಹಾಕಿದೆ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳ ಅಜ್ಜನ ಕಾಲದಿಂದ ಮುತ್ತು ನೋಡಿದ್ದಾರಂತೆ, ಮಸಾಲೆ ಹಾಕಿದ್ದನ್ನು ಇದೇ ಮೊದಲ ಸಲ ನೋಡಿದ್ದಂತೆ. ಹುಳಿ ತಾಗಿದರೆ ಹೊಳಪು ಹೋಗುತ್ತದೆ, ಇನ್ನು ಬರುವುದಿಲ್ಲ ಎಂದಳು. ಬೇಯಿಸದೆ ಹಾಗೇ ತಂದಿದ್ದರೆ ಭಾರಿ ಒಳ್ಳೆಯ ಮುತ್ತಂತೆ. ಇರಲಿ, ಉಂಗುರ ಮಾಡಬಹುದು.

ಆಮೇಲೆ ಮುತ್ತನ್ನು ಬೆಳಕಿಗೆ ತಿರುಗಿಸಿ ತೋರಿಸಿದಳು. ಒಂದು ಬದಿಯಲ್ಲಿ ಸಣ್ಣ ಗೀರು, ಪಕ್ಕದಲ್ಲಿ ತಗ್ಗು. “ಇಲ್ಲಿ ಹಲ್ಲು ತಾಗಿದೆ. ಜೋರಾಗಿ ಕಚ್ಚಿದ್ದೀರಿ. ನಿಮ್ಮ ಹಲ್ಲು ಸರಿ ಇದೆಯಾ?”

“ನಾನು ಕಚ್ಚಲಿಲ್ಲ,” ಎಂದೆ. “ನನಗೆ ಬೆರಳಿಗೆ ಸಿಕ್ಕಿದ್ದು.”

“ಹಾಗಾದರೆ ಬೇರೆ ಯಾರೋ ಕಚ್ಚಿದ್ದಾರೆ.”

ಪಿಕಪ್ಪಿಗೆ ಬಂದು ಕೂತೆ. ಎಸಿ ಹಾಕಲು ಮರೆತು ಕೂತಿದ್ದೆ. ಗೋಡೆಯ ಕಡೆ ತಿರುಗಿದ್ದು, ಬಾಯಿಗೆ ಕೈ ಹಿಡಿದದ್ದು, ಎದ್ದು ಬಂದು ಬಡಿಸಿದ್ದು. ಸರಿ ನೋಡಿ ತಿನ್ನಿ ಎಂದದ್ದು. ಕೆನ್ನೆ ಹಿಡಿದುಕೊಂಡು ಭಾವ ಗೆದ್ದರು ಎಂದದ್ದು. ಮುತ್ತು ಸಿಕ್ಕಿದ್ದು ಅವನ ಬಾಯಿಗೆ. ಹಲ್ಲು ಮುರಿದದ್ದು ಆಗಲೇ. ಅವನು ಅದನ್ನು ತೆಗೆದು, ಸುಕ್ಕದ ಜೊತೆ ಸೇರಿಸಿ, ನನ್ನ ತಟ್ಟೆಗೆ ಹಾಕಿದ. ಹಲ್ಲು ಮುರಿದ ನೋವಿನಲ್ಲಿ ನನಗೆ ಚಪ್ಪಾಳೆ ತಟ್ಟಿದ.

ನಾಚಿಕೆಯಿಂದ ಮುಖ ಬಿಸಿಯಾಯಿತು. ಹೊಟ್ಟೆಕಿಚ್ಚೇನೂ ಹೋಗಲಿಲ್ಲ. ಇಷ್ಟು ದಿನ ಮನೆ, ಕಾರು, ಈಜು ಎಂದು ಉರಿಯುತ್ತಿದ್ದೆ. ಈಗ ಒಳ್ಳೆಯತನದಲ್ಲೂ ನನ್ನನ್ನು ಹಿಂದೆ ಹಾಕಿಬಿಟ್ಟ. ಇದಕ್ಕೆ ನಾನು ಏನು ಮಾಡಲಿ?

ಜೂನ್ 26, ಬುಧವಾರ

ಕುಸುಮಾಳ ಹತ್ತಿರ ಹೇಳಿಬಿಟ್ಟೆ. ಅವಳು ಬಟ್ಟೆ ಮಡಚುತ್ತಿದ್ದಳು.

“ಆ ಮುತ್ತು ನನಗೆ ಸಿಕ್ಕಿದ್ದಲ್ಲ.”

“ಗೊತ್ತುಂಟು. ನಾನು ಬಾಗಿಲಲ್ಲಿ ನಿಂತು ನೋಡಿದೆ.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ಅವ ಬೇಕಂತ ಕೊಟ್ಟ. ನೀವು ಅಷ್ಟು ಖುಷಿಯಲ್ಲಿ ಕಿರುಚಿದ್ರಿ. ನಾನು ಮಧ್ಯೆ ಬಂದು ಎಂತ ಹೇಳುದು?”

ಇನ್ನು ಮುಚ್ಚಿಡಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ಕೇಳಿದೆ. “ಅವತ್ತು ಬಾಲ್ಕನಿಯಲ್ಲಿ ವಿನಿತಾ ಹೇಳಿದಾಗ ನೀನು ನಕ್ಕಿಯಲ್ಲ. ನಿನಗೆ ಹಾಗೆ ಅನ್ನಿಸಿದೆಯಾ? ಅವನೇ ಆಗಬೇಕಿತ್ತು ಅಂತ. ಜಾತಕ ಒಂದು ಕೂಡಿದ್ದಿದ್ದರೆ.”

ಅವಳು ಮಡಚುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಇಪ್ಪತ್ತು ವರ್ಷದಲ್ಲಿ ಹಾಗೆ ನೋಡಿದ್ದಿಲ್ಲ.

“ಜಾತಕ ಕೂಡಿತ್ತು,” ಎಂದಳು.

ನಾನು ಅಲ್ಲೇ ಮಂಚದ ಅಂಚಿಗೆ ಕೂತೆ.

“ಅಪ್ಪನತ್ರ ನಾನೇ ಹೇಳಿದ್ದು, ಕೂಡ್ಲಿಲ್ಲ ಅಂತ ಹೇಳಿಬಿಡಿ ಅಂತ. ಅವ ಅವತ್ತು ಬಂದವ ಅಮ್ಮ ಮಾಡಿದ್ದನ್ನೆಲ್ಲ ಚೂರುಚೂರು ಮುಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದ. ಪಾಪ, ನಾಚಿಕೆಗೆ ಇರ್ಬಹುದು. ಆದ್ರೆ ನಂಗೆ ಮನಸ್ಸಾಗ್ಲಿಲ್ಲ. ನೀವು ಬಂದವರು ಪುಂಡಿ ಕಡುಬು ಎರಡನೇ ಸಲ ಕೇಳಿ ಹಾಕಿಸ್ಕೊಂಡ್ರಿ. ಅಮ್ಮನಿಗೆ ‘ಗಸಿ ಭಾರಿ ಲಾಯ್ಕ ಆಗಿದೆ’ ಅಂದ್ರಿ. ನಾನು ಒಳಗಿಂದ ಕೇಳ್ತಾ ಇದ್ದೆ.”

“ಮತ್ತೆ ನನ್ನ ಜಾತಕ?”

“ನಿಮ್ದು ಕೂಡಿರ್ಲಿಲ್ಲ ಮಾರಾಯ್ರೆ,” ಎಂದಳು. “ಕೂಡಿಸಿದ್ದು.”

ಇಷ್ಟು ಹೇಳಿ ಮತ್ತೆ ಬಟ್ಟೆ ಮಡಚಲು ಶುರು ಮಾಡಿದಳು. ನನ್ನ ಅಂಗಿಯನ್ನೇ ಮಡಚುತ್ತಿದ್ದಳು.

ಜೂನ್ 28, ಶುಕ್ರವಾರ

ನವನೀತನನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವನು ಈಗ ಕಾರು ಓಡಿಸಬಹುದು, ನನಗೆ ಗೊತ್ತಿತ್ತು. ಆ ಕಡೆ ಕೆಲಸ ಇದೆ ಎಂದು ಸುಳ್ಳು ಹೇಳಿ ಹೋದೆ. ಮುತ್ತಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ದಾರಿಯಲ್ಲಿ ಕರಕ್ ಚಹಾ ಕುಡಿದೆವು. ಅವನಿಗೆ ತಣ್ಣಗೆ ಮಾಡಿಸಿ ಕೊಟ್ಟೆ, ಹಲ್ಲಿಗೆ ಬಿಸಿ ತಾಗಬಾರದಲ್ಲ.

ಒಂದು ಕಿವಿ ಇನ್ನೂ ಸರಿ ಕೇಳದ್ದರಿಂದ ಅವನು ದೊಡ್ಡ ದನಿಯಲ್ಲಿ ಮಾತಾಡುತ್ತಾನೆ. ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಹೇಳಿದ: “ಭಾವ, ಒಂದು ಹೇಳ್ಲಾ? ನಿಮ್ಮನ್ನು ನೋಡಿದ್ರೆ ನಂಗೆ ಹೊಟ್ಟೆಕಿಚ್ಚಾಗ್ತದೆ.”

ಪಕ್ಕದ ಗಾಡಿಯವನು ತಿರುಗಿ ನೋಡಿದ.

“ಅವತ್ತು ಬೋಟಲ್ಲಿ ಅಕ್ಕ ನಿಮ್ಮ ತಲೆ ಒರೆಸಿದ್ರಲ್ಲ. ನಾನು ನೀರಲ್ಲಿ ಎಷ್ಟು ಸಲ ಮುಳುಗಿದ್ರೂ ನಂಗೆ ಯಾರೂ ತಲೆ ಒರೆಸ್ಲಿಕ್ಕೆ ಬರ್ಲಿಲ್ಲ. ವಿಡಿಯೊ ಬಂತು. ವಿನಿತಾ ಒಳ್ಳೆಯವಳೇ, ಹಾಗಲ್ಲ. ಆದ್ರೂ ಕೊನೇ ಸಲ ಸಿಟ್ಟಲ್ಲೇ ಮುಳುಗಿದ್ದು ನಾನು. ಕಿವಿ ಹೋಯ್ತು.”

“ಮುಂದಿನ ವಾರ ಊಟಕ್ಕೆ ಬಾ,” ಎಂದೆ. ಬನ್ನಿ ಎನ್ನುತ್ತಿದ್ದವನ ಬಾಯಿಂದ ಬಾ ಹೇಗೆ ಬಂತೋ.

ಜುಲೈ 2, ಮಂಗಳವಾರ

ಝುಲ್ಫಾಳ ಅಂಗಡಿಯಲ್ಲಿ ಉಂಗುರ ಕಟ್ಟಲು ಕೊಟ್ಟೆ. ಹಲ್ಲು ತಾಗಿದ ಬದಿಯನ್ನು ಕೆಳಗೆ ಮಾಡಿ ಕೂರಿಸುತ್ತೇನೆ, ಯಾರಿಗೂ ಕಾಣದು ಎಂದಳು. ಬೇಡ, ಮೇಲೆಯೇ ಇರಲಿ ಎಂದೆ. ಯಾಕೆ ಹಾಗೆ ಹೇಳಿದೆನೋ.

ಜುಲೈ 5, ಶುಕ್ರವಾರ

ಊಟಕ್ಕೆ ನವನೀತ್, ವಿನಿತಾ ಬಂದಿದ್ದರು. ಕುಸುಮಾ ಪುಂಡಿ, ಕೋಳಿ ಗಸಿ ಮಾಡಿದ್ದಳು. ಬೆರಳಲ್ಲಿ ಉಂಗುರ ಇತ್ತು. ಹಳದಿ ಮುತ್ತು, ಹೊಳಪಿಲ್ಲ, ಗೀರು ಎದ್ದು ಕಾಣುತ್ತದೆ. ಅವಳು ಬಡಿಸುವಾಗಲೂ ತೆಗೆಯಲಿಲ್ಲ. ವಿನಿತಾ ಅವಳ ಕೈ ಹಿಡಿದು ನೋಡಿದಳು. “ಇದು ಎಂತ ಅಕ್ಕಾ, ಒಂದು ಕಡೆ ಗೀರಿದೆಯಲ್ಲ? ಬದಲಿಸಿ ಕೊಡ್ಲಿಕ್ಕೆ ಹೇಳು.”

“ಬೇಡ,” ಎಂದಳು ಕುಸುಮಾ. “ಇದು ಹೀಗೇ ನಂಗೆ ಬೇಕಾದದ್ದು.”

ನವನೀತ್ ಗೀರನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ನಾನು ಕಣ್ಣು ತಗ್ಗಿಸಲಿಲ್ಲ. ಅವನಿಗೆ ಗೊತ್ತಾಯಿತು ಎಂದು ನನಗೆ ಗೊತ್ತಾಯಿತು. ಹೊಸದಾಗಿ ಕಟ್ಟಿಸಿದ ಹಲ್ಲಿನಲ್ಲಿ ಸಣ್ಣಗೆ ನಕ್ಕು ತಟ್ಟೆಗೆ ಬಾಗಿದ. ನಾನು ಏಣಿ ಹಾಕಿ ಎಸಿಯನ್ನು ಮತ್ತೆ ಅವನ ಕಿವಿಯಿಂದ ಆಚೆಗೆ ತಿರುಗಿಸಿಟ್ಟಿದ್ದೆ, ಬೆನ್ನೆಲ್ಲ ಒದ್ದೆಯಾಗಿತ್ತು. ಕುಸುಮಾ ಹಿಂದಿನಿಂದ ಬಂದು ಸೆರಗಿನಲ್ಲಿ ನನ್ನ ಕತ್ತು ಒರೆಸಿ ಹೋದಳು. ವಿನಿತಾ ಅದನ್ನು ನೋಡಿದಳು. ಸ್ವಲ್ಪ ಹೊತ್ತು ಬಿಟ್ಟು ಫೋನು ಬದಿಗಿಟ್ಟು, ಗಂಡನ ತಟ್ಟೆಯ ಕೋಳಿಯಿಂದ ಮೂಳೆ ಬಿಡಿಸಿ ಕೊಟ್ಟಳು.

ತಟ್ಟೆ ಖಾಲಿ ಮಾಡಿ ನವನೀತ್ ತಲೆ ಎತ್ತಿದ. ಈ ಮನುಷ್ಯ ತಟ್ಟೆ ಖಾಲಿ ಮಾಡಿದ್ದನ್ನು ನಾನು ನೋಡಿದ್ದೇ ಇಲ್ಲ. “ಅಕ್ಕಾ, ಗಸಿ ಭಾರಿ ಲಾಯ್ಕ ಆಗಿದೆ. ಇನ್ನೆರಡು ಪುಂಡಿ ಹಾಕ್ತೀರಾ?”

ಕುಸುಮಾ ನನ್ನ ಕಡೆ ನೋಡಿ, ನಗು ತಡೆದುಕೊಂಡು, ಅವನಿಗೆ ಬಡಿಸಿದಳು.

ನನ್ನ ಹೊಟ್ಟೆ ಗಂಟಲವರೆಗೆ ತುಂಬಿತ್ತು. ಆದರೂ ತಟ್ಟೆ ಮುಂದೆ ಚಾಚಿದೆ. ಮೂರನೇ ಸಲ.